ಹಳೆಯ ಆಲ್ಟೊಗೆ ಅಗ್ಗದ ಟೈರ್

ಪ್ರಶ್ನೆ: ನಮ್ಮದು 2010ರ ಆಲ್ಟೊ. ಆರ್‌ಸಿ ನವೀಕರಿಸಿಕೊಂಡಿದ್ದೇವೆ, ಇನ್ನೈದು ವರ್ಷ ಓಡಿಸುವ ಆಸೆ. ನಾಲ್ಕೂ ಟೈರ್ ಸವೆದಿವೆ. ಹೊಸದರ ಅರ್ಧ ಬೆಲೆಗೆ ಸೆಕೆಂಡ್ ಹ್ಯಾಂಡ್ ಟೈರ್ ಕೊಡುತ್ತೇನೆ ಎನ್ನುತ್ತಾರೆ ಅಂಗಡಿಯವರು. ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದು ಬಿಟ್ಟರೆ ಓಡಾಟವೆಲ್ಲ ಊರೊಳಗೇ. ತೆಗೆದುಕೊಳ್ಳಬಹುದೇ? ಈಗ ಎರಡನ್ನಷ್ಟೇ ಹೊಸದು ಹಾಕಿಸಿದರೆ ಸಾಲದೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಸೆಕೆಂಡ್ ಹ್ಯಾಂಡ್ ಖಂಡಿತ ಬೇಡ. ಆಷಾಢದ ಮಳೆಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಘಾಟಿ ಇಳಿಯುವ ಕಾರು ನಿಮ್ಮದು. ದುಡ್ಡು ಉಳಿಸಲು ಬೇರೆ ದಾರಿಗಳಿವೆ.

ಯಾರೋ ಬಿಚ್ಚಿಸಿ ಹೋದ ಟೈರಿನ ಚರಿತ್ರೆ ನಮಗೆ ಗೊತ್ತಾಗುವುದಿಲ್ಲ. ಗಾಳಿ ಕಡಿಮೆ ಇಟ್ಟುಕೊಂಡೇ ಓಡಿಸಿರಬಹುದು, ಗುಂಡಿಗೆ ಬಿದ್ದು ಪಕ್ಕದ ಗೋಡೆಯೊಳಗಿನ ದಾರ ಕಡಿದಿರಬಹುದು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೋಳಾದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗೀರು ಕೊರೆದು, ಕಪ್ಪು ಪಾಲಿಶ್ ಬಳಿದು ಮಾರುವವರಿದ್ದಾರೆ. ಹೀಗೆ ಕೊರೆಯಲೆಂದೇ ತಳದಲ್ಲಿ ದಪ್ಪ ರಬ್ಬರ್ ಬಿಟ್ಟ ಲಾರಿ ಟೈರುಗಳುಂಟು. ಕಾರಿನ ಟೈರಿನಲ್ಲಿ ಅಷ್ಟು ರಬ್ಬರ್ ಇರುವುದಿಲ್ಲ, ಬ್ಲೇಡು ಉಕ್ಕಿನ ಎಳೆಗಳ ಹತ್ತಿರಕ್ಕೇ ಹೋಗುತ್ತದೆ. ಪತ್ತೆ ಹಚ್ಚಲು ಗೀರಿನ ತಳ ನೋಡಿ. ಒಳ್ಳೆಯ ಟೈರಿನಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ಉಬ್ಬುಗಳಿರುತ್ತವೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ., ಕಾನೂನಿನ ಕನಿಷ್ಠವೂ ಅದೇ. ಕೊರೆದ ಟೈರಿನಲ್ಲಿ ಈ ಉಬ್ಬುಗಳು ಕತ್ತರಿಸಿಹೋಗಿರುತ್ತವೆ. ಮಲೆನಾಡಿನ ಮಳೆಗೆ ನನ್ನ ಕೇಳಿದರೆ 1.6ರವರೆಗೂ ಕಾಯಬಾರದು, 3 ಮಿ.ಮೀ.ಗೇ ಬದಲಿಸಬೇಕು.

ಹೊಸದರಲ್ಲೇ ಅಗ್ಗದ್ದನ್ನು ಹುಡುಕಿ. ನಿಮ್ಮ ಕಾರಿನ ಅಳತೆ 145/80 ಆರ್12, ನಮ್ಮಲ್ಲಿ ಸಿಗುವ ಕಾರ್ ಟೈರುಗಳಲ್ಲಿ ಅತಿ ಸಣ್ಣವುಗಳ ಸಾಲಿಗೆ ಸೇರಿದ್ದು, ಆದ್ದರಿಂದ ಬೆಲೆಯೂ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಯಾವುದಾದರೂ ಸರಿ, ಅವುಗಳ ಸಾದಾ ಮಾದರಿ ಸಾಕು. ನಿಮ್ಮ ಓಡಾಟಕ್ಕೆ ದುಬಾರಿ ಮಾದರಿಯಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಐಎಸ್‌ಐ ಗುರುತು ಇರಲೇಬೇಕು. ‘ಸ್ಟಾಕ್ ಇಲ್ಲ, ಇದೇ ಅಳತೆ’ ಎಂದು ಓಮ್ನಿಯ 145 ಆರ್12 ಎಲ್‌ಟಿ ಟೈರ್ ತೋರಿಸಿದರೆ ಒಪ್ಪಬೇಡಿ. ಅದು ಭಾರ ಹೊರುವ ವ್ಯಾನಿನ ಬಿರುಸು ಟೈರ್. ಹಗುರ ಆಲ್ಟೊದಲ್ಲಿ ಬೆನ್ನು ಕುಲುಕಿಸುತ್ತದೆ.

ಟೈರಿನ ವಯಸ್ಸನ್ನು ಕೇಳುವುದು ಬೇಡ, ಓದಿಕೊಳ್ಳಿ. ಪಕ್ಕದಲ್ಲಿ ಡಿಒಟಿ ಸಾಲಿನ ಕೊನೆಗೆ ನಾಲ್ಕಂಕಿ ಇರುತ್ತದೆ: 2325 ಎಂದರೆ 2025ರ 23ನೇ ವಾರ ತಯಾರಾದದ್ದು. ಒಂದು ವರ್ಷದೊಳಗಿನದನ್ನೇ ಕೇಳಿ. ರಿಯಾಯಿತಿಗೆ ಬರುವ ಟೈರ್ ಮೂರ್ನಾಲ್ಕು ವರ್ಷ ಗೋದಾಮಿನಲ್ಲಿ ಕೂತದ್ದಾದರೆ, ನಿಮಗೆ ಬೇಕಾದ ಐದು ವರ್ಷದ ಬಾಳಿಕೆಯಲ್ಲಿ ಅಷ್ಟು ಖೋತಾ.

ಎರಡೇ ಹಾಕಿಸಬಹುದು, ಆದರೆ ಹಿಂದಕ್ಕೆ. ಇಲ್ಲಿ ಬಹಳ ಜನ ಎಡವುತ್ತಾರೆ. ಎಳೆಯುವುದೂ ತಿರುಗುವುದೂ ಮುಂದಿನ ಚಕ್ರ, ಹಾಗಾಗಿ ಹೊಸದು ಮುಂದಕ್ಕೆ ಎಂದು ಅಂಗಡಿಯವರೂ ಹೇಳುತ್ತಾರೆ. ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್ ಸಡಿಲಾದಂತೆ ಕೈಗೆ ತಿಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುಮಟ್ಟಿಗೆ ಹಿಡಿತ ಮರಳುತ್ತದೆ. ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಕಾರಿನ ಬಾಲವೇ ಸುತ್ತಿಕೊಂಡು ಬರುತ್ತದೆ. ನುರಿತವರಿಗೂ ಅದನ್ನು ತಡೆಯುವುದು ಕಷ್ಟ. ಆದರೂ ನಿಮ್ಮ ನಾಲ್ಕೂ ಸವೆದಿವೆ ಎಂದಿದ್ದೀರಿ. ಉಳಿದೆರಡು ಆ ಉಬ್ಬಿನ ಹತ್ತಿರ ಬಂದಿದ್ದರೆ ನಾಲ್ಕನ್ನೂ ಬದಲಿಸದೆ ವಿಧಿಯಿಲ್ಲ.

ಟೈರ್ ಕೊಳ್ಳುವ ಮೊದಲೇ ಒಬ್ಬ ಮೆಕ್ಯಾನಿಕ್‌ಗೆ ಕಾರಿನ ಅಡಿಭಾಗ ತೋರಿಸಿ. ಹದಿನೈದು ವರ್ಷದ ಕಾರಿನಲ್ಲಿ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸಡಿಲಾಗಿರುವುದು ಸಾಮಾನ್ಯ. ಹಳೆಯ ಟೈರಿನ ಒಳಅಂಚು ಮಾತ್ರ ಸವೆದಿದ್ದರೆ ಅದೇ ಸುಳಿವು. ಇವನ್ನು ಸರಿಮಾಡಿಸದೆ ಅಲೈನ್‌ಮೆಂಟ್ ಮಾಡಿಸಿದರೆ ಅದು ನಿಲ್ಲುವುದಿಲ್ಲ, ಹೊಸ ಟೈರೂ ಹಾಗೇ ಸವೆದುಹೋಗುತ್ತದೆ. ಬಜೆಟ್ ಬಿಗಿಯಾಗಿದ್ದರೆ ಟೈರಿನ ಬ್ರಾಂಡಿನಲ್ಲಿ ಉಳಿಸಿ ಇಲ್ಲಿ ಖರ್ಚುಮಾಡಿ.

ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ರಬ್ಬರ್ ವಾಲ್ವ್ ನಾಲ್ಕೂ ಹೊಸದಿರಲಿ, ಅದಕ್ಕೆ ತಗಲುವುದು ಚಿಲ್ಲರೆ. ಹಳೆಯ ರಿಮ್ಮಿನ ಅಂಚಿಗೆ ತುಕ್ಕು ಹಿಡಿದಿದ್ದರೆ ಉಜ್ಜಿ ತೆಗೆಸಿ. ಗಾಳಿ ಸೋರುತ್ತದೆಂದು ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬ್ ತುರುಕಲು ಬಿಡಬೇಡಿ. ಟ್ಯೂಬ್ ಪಂಕ್ಚರ್ ಆದರೆ ಗಾಳಿ ಒಮ್ಮೆಲೇ ಹೋಗಬಹುದು. ಅಂಚು ಸೊಟ್ಟಗಾಗಿದ್ದರೆ ರಿಮ್ಮನ್ನೇ ಬದಲಿಸುವುದು ಮೇಲು. ಬ್ಯಾಲೆನ್ಸಿಂಗ್ ತಪ್ಪಿಸಬೇಡಿ. ಗಾಳಿ ಎಷ್ಟಿರಬೇಕೆಂಬುದನ್ನು ಕಾರಿನ ಜೊತೆ ಬಂದ ಪುಸ್ತಕದಲ್ಲೋ ಬಾಗಿಲ ಬಳಿಯ ಸ್ಟಿಕ್ಕರಿನಲ್ಲೋ ನೋಡಿ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ.

ಸ್ಟೆಪ್ನಿಯ ನಾಲ್ಕಂಕಿಯನ್ನೂ ಅಂದೇ ಓದಿ ಬಿಡಿ. ಅದು 2010ರದ್ದೇ ಆಗಿದ್ದರೆ, ಗೀರು ಹೊಸದರಂತಿದ್ದರೂ ರಬ್ಬರ್ ಗಡುಸಾಗಿರುತ್ತದೆ. ಅದನ್ನು ಹಾಕಿಕೊಂಡು ಘಾಟಿ ಇಳಿಯಬೇಡಿ.