ರೋಮಾಂಚಕ ಚಿತ್ರದ ಮೊದಲ ಎರಡು ನಿಮಿಷಗಳು

ಕತ್ತಲಾದ ಮೇಲೆ ಮನೆಯ ಬಾಗಿಲನ್ನು ಯಾರಾದರೂ ತಟ್ಟಿದರೆ ನಮ್ಮ ಎದೆ ಒಂದು ಕ್ಷಣ ನಿಂತಂತಾಗುವುದು. ತಟ್ಟಿದವರು ನೆರೆಮನೆಯವರೆಂದು ತಿಳಿದೊಡನೆ ನಾವೇ ನಕ್ಕುಬಿಡುವೆವು. ಆ ತಟ್ಟುವಿಕೆಗೂ ಈ ನಗುವಿಗೂ ನಡುವಣ ಅಲ್ಪಕಾಲವೇ ರೋಮಾಂಚಕ ಚಲಚ್ಚಿತ್ರಗಳ ಮೂಲಧನ.

ಈ ವರ್ಷ ನಮ್ಮ ಒಂಬತ್ತನೆಯ ತರಗತಿಯ ಏಳು ಮಂದಿ ವಿದ್ಯಾರ್ಥಿಗಳು ಕೂಡಿ, ಶಾಲೆಯ ವಾರ್ಷಿಕೋತ್ಸವದಲ್ಲಿ ತೋರಿಸುವ ಸಲುವಾಗಿ, ಅಂಥ ಚಿತ್ರವೊಂದರ ಆರಂಭಭಾಗವನ್ನು ಮಾತ್ರ ತಯಾರಿಸಿದೆವು. ಒಬ್ಬ ಗೆಳೆಯನ ಅಣ್ಣನ ಮೊಬೈಲ್ ಫೋನು, ಎರಡು ಟಾರ್ಚು, ಒಂದು ಸ್ಟೂಲು, ವಾಸ್ಕೋ ಪಟ್ಟಣದ ಒಂದು ಓಣಿ, ಒಂದು ಕೋಣೆಯ ಮನೆ, ಇಷ್ಟೇ ನಮ್ಮ ಸಾಮಗ್ರಿ. ಆ ಕಾರ್ಯದಲ್ಲಿ ನಾವು ಕಲಿತುದನ್ನೂ, ನಾವು ಮಾಡಿದ ಒಂದು ತಪ್ಪನ್ನೂ ನಮ್ಮ ಕಿರಿಯರ ಮತ್ತು ಪೋಷಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆದಿರುವೆವು.

1. ಆರಂಭದ ಕೆಲಸವೇನು?

‘ರೋಮಾಂಚ’ವೆಂಬ ಶಬ್ದ ನಮಗೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಭಯಾನಕರಸದ ವಿಚಾರ ಬರುವುದು. ಅದರ ಸ್ಥಾಯಿಭಾವ ಭಯ. ಭಯ ಹುಟ್ಟುವ ಕಾರಣಗಳಿಗೆ ವಿಭಾವಗಳೆಂದು ಹೆಸರು. ವಿಕೃತವಾದ ಧ್ವನಿ, ಗೂಬೆ ನರಿಗಳ ಕೂಗು, ಶೂನ್ಯವಾದ ಮನೆ, ಅರಣ್ಯ ಮೊದಲಾದುವು ಅಲ್ಲಿ ಎಣಿಕೆಯಾಗಿವೆ. ಭಯಗೊಂಡವನಲ್ಲಿ ಕಾಣುವ ಲಕ್ಷಣಗಳು ಅನುಭಾವಗಳು. ಕೈಕಾಲು ನಡುಗುವುದು, ಮುಖದ ಬಣ್ಣ ಕೆಡುವುದು, ದನಿ ಒಡೆಯುವುದು, ಮೈನವಿರೇಳುವುದು. ಈ ವಿಂಗಡಣೆ ಚಲಚ್ಚಿತ್ರ ಮಾಡುವವನಿಗೆ ಬಹು ಉಪಯುಕ್ತವಾದುದು. ‘ಹುಡುಗಿ ಹೆದರಿದಳು’ ಎಂದು ಕಾಗದದಲ್ಲಿ ಬರೆಯಬಹುದು. ಪರದೆಯ ಮೇಲೆ ಹಾಗೆ ಬರೆಯಲಾಗದು. ಏನನ್ನು ಕಂಡು ಅಥವಾ ಕೇಳಿ ಹೆದರಿದಳು, ಹೆದರಿದಾಗ ಅವಳ ಕೈ ಏನು ಮಾಡಿತು, ಇವೆರಡನ್ನು ತೋರಿಸಿದರೆ ಭಯವೆಂಬುದು ನೋಡುವವರಲ್ಲಿ ತಾನಾಗಿ ಹುಟ್ಟುವುದು.

ಇನ್ನು ಆರಂಭಕ್ಕೆ ವಿಶೇಷವಾದ ಕರ್ತವ್ಯವೊಂದಿದೆ. ಸ್ಥಳ, ಕಾಲ, ಮುಖ್ಯಪಾತ್ರ ಇವುಗಳನ್ನು ಪರಿಚಯಿಸಿ, ಕೂಡಲೇ ಒಂದು ಪ್ರಶ್ನೆಯನ್ನು ಎಬ್ಬಿಸಿ, ಉತ್ತರ ಕೊಡದೆ ಚಿತ್ರದ ಹೆಸರನ್ನು ತೋರಿಸಬೇಕು. ಚಿತ್ರಮಂದಿರದ ಚಲಚ್ಚಿತ್ರ ಸೆಕೆಂಡಿಗೆ 24 ಚಿತ್ರಗಳಂತೆ ಓಡುವುದು. ಎರಡು ನಿಮಿಷಕ್ಕೆ 2,880 ಚಿತ್ರಗಳಾದುವು. ಇಷ್ಟರಲ್ಲಿ ಒಂದೂ ವ್ಯರ್ಥವಾಗಬಾರದು.

2. ಹಿರಿಯರ ಮಾದರಿಗಳು

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೀರ್ತಿವಂತನಾದ ಆಲ್ಫ್ರೆಡ್ ಹಿಚ್‌ಕಾಕ್ ಎಂಬ ನಿರ್ದೇಶಕನು ಫ್ರೆಂಚ್ ನಿರ್ದೇಶಕ ತ್ರೂಫೋನೊಡನೆ ನಡೆಸಿದ ಸಂವಾದ 1966ರಲ್ಲಿ ಪುಸ್ತಕವಾಗಿ ಬಂದಿತು. ಅದರಲ್ಲಿ ಅವನು ಕೊಟ್ಟ ದೃಷ್ಟಾಂತ ಇಂದಿಗೂ ಈ ವಿದ್ಯೆಯ ಮೊದಲ ಪಾಠ. ಮೇಜಿನ ಸುತ್ತ ಜನ ಕುಳಿತು ಸಾಮಾನ್ಯವಾದ ಮಾತನ್ನಾಡುತ್ತಿರುವರು. ಒಮ್ಮೆಗೇ ಮೇಜಿನ ಕೆಳಗೆ ಬಾಂಬು ಸಿಡಿದರೆ ಪ್ರೇಕ್ಷಕನಿಗೆ ಹದಿನೈದು ಸೆಕೆಂಡಿನ ಆಶ್ಚರ್ಯ. ಬಾಂಬು ಅಲ್ಲಿರುವುದನ್ನು ಪ್ರೇಕ್ಷಕನಿಗೆ ಮೊದಲೇ ತೋರಿಸಿಟ್ಟರೆ, ಅದೇ ಸಾಮಾನ್ಯ ಮಾತಿನಲ್ಲಿ ಹದಿನೈದು ನಿಮಿಷದ ತಳಮಳ. ಗುಟ್ಟನ್ನು ಮುಚ್ಚಿಡುವುದಕ್ಕಿಂತ ಅರ್ಧ ಹೇಳುವುದೇ ಹೆಚ್ಚು ಬಲವುಳ್ಳದ್ದು. ಆರ್ಸನ್ ವೆಲ್ಸ್‌ನ 1958ರ ‘ಟಚ್ ಆಫ್ ಈವಿಲ್’ ಚಿತ್ರದ ಆರಂಭ ಇದಕ್ಕೆ ಉದಾಹರಣೆ. ಮೊದಲಿಗೇ ಒಬ್ಬನು ಕಾರಿನಲ್ಲಿ ಬಾಂಬನ್ನು ಇಡುವನು. ಬಳಿಕ ಮೂರು ನಿಮಿಷಕ್ಕೂ ಮಿಕ್ಕಿ, ನಡುವೆ ಎಲ್ಲಿಯೂ ಕತ್ತರಿಸದೆ, ಆ ಕಾರು ಜನಸಂದಣಿಯ ನಡುವೆ ಸಾಗುವುದನ್ನು ಕ್ಯಾಮೆರಾ ಹಿಂಬಾಲಿಸುವುದು.

ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದುದು ಜರ್ಮನಿಯ ಫ್ರಿಟ್ಸ್ ಲಾಂಗ್ ಎಂಬುವನು 1931ರಲ್ಲಿ ನಿರ್ಮಿಸಿದ ‘ಎಮ್’ ಎಂಬ ಚಿತ್ರದ ಆರಂಭ. ತಾಯಿಯೊಬ್ಬಳು ಶಾಲೆಯಿಂದ ಬರಬೇಕಾದ ಮಗಳಿಗಾಗಿ ತಟ್ಟೆಯಿಟ್ಟು ಕಾಯುತ್ತಿರುವಳು. ಮಗಳು ದಾರಿಯಲ್ಲಿ ಚೆಂಡನ್ನು ಪುಟಿಸುತ್ತಿರುವಾಗ ಗೋಡೆಯ ಪ್ರಕಟಣೆಯ ಮೇಲೆ ಒಬ್ಬ ಮನುಷ್ಯನ ನೆರಳು ಬೀಳುವುದು. ಆಮೇಲೆ ನಾವು ಕಾಣುವುದು ಬರಿದಾದ ಮೆಟ್ಟಿಲು, ಬರಿದಾದ ಅಟ್ಟ, ಬರಿದಾದ ತಟ್ಟೆ, ಪೊದೆಯಿಂದ ಉರುಳಿಬರುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು, ಇಷ್ಟೇ. ಒಂದು ಏಟನ್ನೂ ತೋರಿಸಿಲ್ಲ. ನಮ್ಮ ಅಲಂಕಾರಿಕರು ಹೇಳುವ ‘ಧ್ವನಿ’ ಇದೇ ಎಂದು ನಮ್ಮ ಗುರುಗಳು ತಿಳಿಸಿದರು. ವಾಚ್ಯವಾಗಿ ಹೇಳದೆ ಸೂಚಿಸುವುದು.

ಕನ್ನಡದಲ್ಲಿಯೂ ಈ ಬಗೆಗೆ ಒಳ್ಳೆಯ ಪರಂಪರೆಯಿದೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಲೆಂದೇ ಓದುವ ಅಭ್ಯಾಸ ಹಿಡಿದವರು ನಮ್ಮ ಹಿರಿಯರಲ್ಲಿ ಅನೇಕರು. ಚಿತ್ರರಂಗದಲ್ಲಿ ದೊರೆ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯನ್ನು ತಂದಿತು, ರಾಜ್‌ಕುಮಾರ್ ಅವರು ಅದರಲ್ಲಿ ಸಿ.ಐ.ಡಿ. 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂದಿತು. ಗೋವೆ ಪೋರ್ತುಗೀಸರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ್ದು 1961ರ ಡಿಸೆಂಬರ್ 19ರಂದು. ಏಳು ವರ್ಷಗಳೊಳಗಾಗಿ ಕನ್ನಡದ ಪತ್ತೇದಾರನು ಇಲ್ಲಿಗೆ ಬಂದಿಳಿದನು! ಅಂದಿನ ಕನ್ನಡ ಪ್ರೇಕ್ಷಕನಿಗೆ ಗೋವೆಯೆಂಬ ಹೆಸರಿನಲ್ಲಿಯೇ ಒಂದು ರಹಸ್ಯದ ಸೊಗಸು ಇದ್ದಿರಬೇಕು. ಇಲ್ಲಿಯೇ ಬೆಳೆದ ನಮಗಾದರೋ ಗೋವೆ ರಹಸ್ಯದ ನಾಡಲ್ಲ. ತಂದೆತಾಯಿಗಳು ದುಡಿಯುವ ಊರು, ನೀರಿಗಾಗಿ ಸಾಲು ನಿಲ್ಲುವ ಓಣಿ, ಮುರ್ಗಾಂವ್ ರೇವಿನ ಹಡಗುಗಳ ಕೂಗು. 2004ರಿಂದ ಭಾರತದ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವ ಪಣಜಿಯಲ್ಲಿ ನಡೆಯುತ್ತ ಬಂದಿರುವುದರಿಂದ ಲೋಕದ ಚಿತ್ರಗಳು ನಮ್ಮ ಬಾಗಿಲಿಗೇ ಬರುತ್ತಿವೆ. ನಮ್ಮ ಓಣಿಯ ಚಿತ್ರವನ್ನಾದರೋ ನಾವೇ ಮಾಡಬೇಕಾಯಿತು.

3. ನಮ್ಮ ಮೊದಲ ಪ್ರಯತ್ನ

ನಾವು ಮೊದಲು ಕಲ್ಪಿಸಿದ ದೃಶ್ಯ ಹೀಗಿತ್ತು: ಸಂಜೆ, ಹುಡುಗಿಯೊಬ್ಬಳು ಓಣಿಯಲ್ಲಿ ಒಬ್ಬಳೇ ಬರುವಳು. ಹಿಂದೆ ಚೀಲ ಹೊತ್ತ ಮನುಷ್ಯನೊಬ್ಬನು. ಅವನ ಮುಖ ಕಾಣದು; ತಲೆಗೆ ಟವೆಲು, ಮಾಸಿದ ಅಂಗಿ, ಭಾರವಾದ ಹೆಜ್ಜೆ. ಅವಳು ಬೇಗ ನಡೆದರೆ ಅವನೂ ಬೇಗ ನಡೆಯುವನು. ಅವಳು ಓಡುವಳು. ಬಾಗಿಲು ಮುಚ್ಚುವುದು. ಚಿತ್ರದ ಹೆಸರು.

ಇದು ಸುಲಭವಾಗಿ ಆಯಿತು. ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ ಮೇಲ್ಮುಖವಾಗಿ ನೋಡಿದರೆ ಸಾಮಾನ್ಯ ಮನುಷ್ಯನೂ ರಾಕ್ಷಸನಂತೆ ಕಾಣುವನು. ಬೀದಿದೀಪ ಅವನ ಬೆನ್ನಿಗೆ ಇದ್ದುದರಿಂದ ದೇಹವೆಲ್ಲ ಕಪ್ಪು ಆಕೃತಿಯಾಯಿತು. ಮೇಲಿನ ತರಗತಿಯ ವಿದ್ಯಾರ್ಥಿಯೊಬ್ಬನು ಆ ಪಾತ್ರವನ್ನು ವಹಿಸಿದನು. ಚೀಲ, ಟವೆಲು, ಅಂಗಿಗಳನ್ನು ನಮ್ಮ ಗುಂಪಿನ ಗೆಳೆಯನೊಬ್ಬನು ತನ್ನ ಮನೆಯಿಂದ ತಂದನು. ಅವನ ತಂದೆ ರೇವಿನ ಗೋದಾಮಿನಲ್ಲಿ ಹಮಾಲರು.

ಚಿತ್ರವನ್ನು ಹೆಮ್ಮೆಯಿಂದ ಮೊದಲು ತೋರಿಸಿದುದು ಆ ಗೆಳೆಯನ ತಾಯಿಗೆ. ಅವರು ಕೊನೆಯವರೆಗೂ ಸುಮ್ಮನೆ ನೋಡಿದರು. ಬಳಿಕ ಮಗನನ್ನು ಕೇಳಿದರು: “ಇದು ನಿಮ್ಮಪ್ಪನ ಅಂಗಿ ಅಲ್ಲೇನೋ? ದಿನಾ ರಾತ್ರಿ ಇದ ಓಣ್ಯಾಗ ಚೀಲ ಹಿಡಕೊಂಡು ಅವರೂ ಬರತಾರ. ಅವರನ್ನ ಕಂಡು ಮಂದಿ ಹಿಂಗ ಅಂಜಬೇಕೇನು?”

ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ.

4. ಆ ಪ್ರಶ್ನೆಯ ವಿಚಾರ

ಮರುದಿನ ನಾವು ಏಳು ಮಂದಿಯೂ ಕುಳಿತು ಚರ್ಚಿಸಿದೆವು. ಎಲ್ಲರ ಅಭಿಪ್ರಾಯ ಒಂದೇ ಆಗಿರಲಿಲ್ಲ. ‘ಇದು ಕಥೆ ಮಾತ್ರ, ಮುಂದೆ ಅವನು ಒಳ್ಳೆಯವನೆಂದು ತೋರಿಸಬಹುದು’ ಎಂದರು ಕೆಲವರು. ಛಾಯಾಗ್ರಹಣ ಮಾಡಿದವನಿಗಂತೂ ಆ ಕಪ್ಪು ಆಕೃತಿಯ ಶಾಟನ್ನು ಕೈಬಿಡಲು ಮನಸ್ಸೇ ಇರಲಿಲ್ಲ. ನಮ್ಮ ಕೆಲಸದಲ್ಲೆಲ್ಲ ಅದೇ ಅತ್ಯಂತ ಸುಂದರವಾದುದು. ಆದರೆ ನಾವು ಮಾಡುತ್ತಿದ್ದುದು ಆರಂಭ ಮಾತ್ರ. ಅದಕ್ಕೆ ‘ಮುಂದೆ’ ಎಂಬುದಿಲ್ಲ. ಎರಡು ನಿಮಿಷ ನೋಡಿದವನು ಮನೆಗೆ ಒಯ್ಯುವುದು ಒಂದೇ ಮಾತು: ಚೀಲ ಹೊತ್ತ ಬಡವನನ್ನು ಕಂಡರೆ ಹೆದರು.

ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದ ಕಡೆಗಳಿಂದ ದುಡಿಮೆಗಾಗಿ ಬಂದ ಅನೇಕ ಕುಟುಂಬಗಳ ಮಕ್ಕಳು ನಾವು. ಎಲ್ಲಿಯಾದರೂ ಏನಾದರೂ ಕಳುವಾದಾಗ ಹೊರಗಿನಿಂದ ಬಂದವರ ಕಡೆಗೆ ಮೊದಲ ನೋಟ ತಿರುಗುವುದನ್ನು ನಮ್ಮ ಮನೆಯವರು ಬಲ್ಲರು. ಆ ನೋಟ ನಮಗೆ ನೋವನ್ನುಂಟುಮಾಡುವುದು. ಹೀಗಿದ್ದೂ, ಕೈಗೆ ಕ್ಯಾಮೆರಾ ಬಂದೊಡನೆ ನಾವೂ ಅದೇ ನೋಟದಿಂದ ನೋಡಿದೆವು! ಯಾರೂ ನಮಗೆ ಹಾಗೆ ಹೇಳಿಕೊಟ್ಟಿರಲಿಲ್ಲ. ನೋಡಿದ ಅನೇಕ ಚಿತ್ರಗಳಿಂದ ಅದು ತಾನಾಗಿ ಕೈಗೆ ಬಂದಿತ್ತು. ಭಯ ಹುಟ್ಟಿಸುವುದು ಕಲೆಯಿರಬಹುದು. ಯಾರನ್ನು ತೋರಿಸಿ ಹುಟ್ಟಿಸಿದೆವೆಂಬುದಕ್ಕೆ ಮಾಡಿದವರೇ ಹೊಣೆ.

ಆಗ ನಮಗೆ ‘ಎಮ್’ ಚಿತ್ರದ ಬರಿದಾದ ತಟ್ಟೆ ನೆನಪಾಯಿತು. ಅಲ್ಲಿ ಪ್ರೇಕ್ಷಕನು ಹೆದರುವುದು ತಾಯಿಯ ಪರವಾಗಿ. ಮಗು ಮರಳಿ ಬಾರದಿದ್ದರೆ ಹೇಗೆಂಬ ಕಳವಳ ಅದು. ನಮ್ಮ ಮನೆಗಳಲ್ಲಿ ದಿನವೂ ಇಂಥ ಕಾಯುವಿಕೆಯಿದೆ.

5. ಎರಡನೆಯ ಪ್ರಯತ್ನ

ಚೀಲವನ್ನು ಬಿಡಲಿಲ್ಲ, ಅದರ ಸ್ಥಾನವನ್ನು ಬದಲಿಸಿದೆವು. ಚೀಲ ಹೊತ್ತವರು ಈಗ ಹುಡುಗಿಯ ತಂದೆ. ಗೆಳೆಯನ ತಂದೆಯವರನ್ನೇ ಕೇಳಿಕೊಂಡೆವು. ರಜೆಯ ದಿನ ಅವರು ನಾಚುತ್ತಲೇ ಒಪ್ಪಿದರು.

ಮೊದಲನೆಯ ಸಂಜೆ: ಬಾಗಿಲಿಗೆ ಮೂರು ಏಟು, ಕೂಡಲೇ ಮಗಳ ಹೆಸರು ಹಿಡಿದು ಕರೆಯುವ ದನಿ. ಹುಡುಗಿ ಅಗುಳಿ ತೆಗೆಯುವಳು. ತಂದೆ ಒಳಗೆ ಬಂದು ಚೀಲವನ್ನು ಮೂಲೆಯಲ್ಲಿಡುವರು. ಎರಡನೆಯ ಸಂಜೆ: ಅದೇ ಕೋಣೆ. ತಟ್ಟೆಯಲ್ಲಿ ರೊಟ್ಟಿ ಆರಿದೆ. ಗಡಿಯಾರ. ಚೀಲವಿಲ್ಲದ ಮೂಲೆ. ದೂರದಲ್ಲಿ ಹಡಗಿನ ಕೂಗು. ಹೊರಗೆ ಹೆಜ್ಜೆಯ ಸದ್ದು. ಬಾಗಿಲಿಗೆ ಮೂರು ಏಟು. ಹುಡುಗಿ ನಗುತ್ತ ಎದ್ದು ಅಗುಳಿಯ ಮೇಲೆ ಕೈಯಿಡುವಳು. ಕರೆಯುವ ದನಿ ಬರಲಿಲ್ಲ. ಕೈ ಅಲ್ಲಿಯೇ ನಿಲ್ಲುವುದು. ಚಿತ್ರದ ಹೆಸರು.

ಇಲ್ಲಿ ನಾವು ಕಂಡುಕೊಂಡ ನಿಯಮವಿದು: ಮೊದಲು ಒಂದು ವಾಡಿಕೆಯನ್ನು ಸ್ಥಾಪಿಸಬೇಕು, ಬಳಿಕ ಅದರ ಒಂದೇ ಒಂದು ಅಂಶವನ್ನು ತಪ್ಪಿಸಬೇಕು. ವಾಡಿಕೆಯನ್ನು ತೋರಿಸದಿದ್ದರೆ ಲೋಪ ಯಾರ ಗಮನಕ್ಕೂ ಬಾರದು. ಎಲ್ಲವನ್ನೂ ಬದಲಿಸಿಬಿಟ್ಟರೆ ಗೊಂದಲವಾಗುವುದೇ ಹೊರತು ಭಯವಾಗದು.

6. ಬೆಳಕು, ಶಬ್ದ, ಜೋಡಣೆ

ಮೊಬೈಲ್ ಫೋನಿನ ಕ್ಯಾಮೆರಾ ಗಾಢವಾದ ಕತ್ತಲೆಯಲ್ಲಿ ಚುಕ್ಕೆಚುಕ್ಕೆಯಾದ ಮಸುಕು ಚಿತ್ರವನ್ನು ಕೊಡುವುದು. ಆದ್ದರಿಂದ ರಾತ್ರಿಯ ದೃಶ್ಯವನ್ನು ಮುಸ್ಸಂಜೆಯಲ್ಲಿ ತೆಗೆಯುವುದು ಲೇಸು. ಒಳಗಿನ ದೃಶ್ಯಕ್ಕೆ ಒಂದೇ ಪಕ್ಕದಿಂದ ಬೆಳಕು ಬಿಡಬೇಕು. ಎದುರಿನಿಂದ ಬಿಟ್ಟರೆ ನೆರಳು ಅಳಿದು ಮುಖ ಚಪ್ಪಟೆಯಾಗಿ ಕಾಣುವುದು. ಕೈಯಲ್ಲಿ ಹಿಡಿದ ಫೋನು ಅಲುಗುವುದರಿಂದ ಅದನ್ನು ಸ್ಟೂಲಿನ ಮೇಲೆ ಪುಸ್ತಕಗಳ ಆಸರೆಯಲ್ಲಿ ನಿಲ್ಲಿಸಿದೆವು.

ಶಬ್ದದಲ್ಲಿ ನಾವು ಬಹಳ ಸೋತೆವು. ಮೊದಲ ದಿನದ ಚಿತ್ರಣದಲ್ಲಿ ಸಮುದ್ರದ ಗಾಳಿಯ ಭೋರಾಟವೇ ತುಂಬಿತ್ತು. ಕೊನೆಗೆ ಕಿಟಕಿಬಾಗಿಲು ಮುಚ್ಚಿದ ಕೋಣೆಯಲ್ಲಿ ಹೆಜ್ಜೆ, ಅಗುಳಿ, ಬಾಗಿಲ ಏಟು ಇವುಗಳನ್ನು ಬೇರೆಯಾಗಿ ಧ್ವನಿಮುದ್ರಿಸಿ ಚಿತ್ರಕ್ಕೆ ಕೂಡಿಸಿದೆವು. ಸಂಗೀತವನ್ನು ಹಾಕಿ ನೋಡಿ ತೆಗೆದುಹಾಕಿದೆವು. ತಂದೆಯ ದನಿ ಬಾರದ ಆ ನಿಶ್ಶಬ್ದವೇ ನಮ್ಮ ಕಥೆ. ಅದರ ಮೇಲೆ ವಾದ್ಯ ನುಡಿಸಿದರೆ ಕಥೆಯೇ ಮುಚ್ಚಿಹೋಗುವುದು.

ಜೋಡಣೆಯಲ್ಲಿ ಒಂದು ದೋಷ ಉಳಿದುಬಿಟ್ಟಿತು. ಒಂದು ಶಾಟಿನಲ್ಲಿ ಗೋಡೆಯ ಗಡಿಯಾರ ಏಳೂ ನಲವತ್ತನ್ನು ತೋರಿಸಿದರೆ, ಅದರ ಮುಂದಿನದರಲ್ಲಿ ಆರೂ ಐವತ್ತು! ನಾವು ಹತ್ತಾರು ಸಲ ನೋಡಿಯೂ ಕಾಣದ ಇದನ್ನು ಐದನೆಯ ತರಗತಿಯ ಬಾಲಕನೊಬ್ಬನು ಒಮ್ಮೆಗೇ ಕಂಡುಹಿಡಿದನು. ಪ್ರತಿ ಶಾಟಿಗೂ ಮೊದಲು ಗಡಿಯಾರ, ಉಡುಪು, ವಸ್ತುಗಳ ಸ್ಥಾನವನ್ನು ಬರೆದಿಟ್ಟುಕೊಳ್ಳಬೇಕೆಂಬುದನ್ನು ಹೀಗೆ ಕಲಿತೆವು.

7. ಉಪಸಂಹಾರ

ವಾರ್ಷಿಕೋತ್ಸವದ ದಿನ, ಹುಡುಗಿಯ ಕೈ ಅಗುಳಿಯ ಮೇಲೆ ನಿಂತಾಗ, ಮುಂದಿನ ಸಾಲಿನಿಂದ ಚಿಕ್ಕ ಮಗುವೊಂದು “ಬಾಗಲಾ ತಗೀಬ್ಯಾಡ!” ಎಂದು ಕೂಗಿತು. ಸಭೆಯೆಲ್ಲ ನಕ್ಕಿತು. ಆ ಕೂಗೇ ನಮಗೆ ಬಹುಮಾನವಾಯಿತು.

ಗೆಳೆಯನ ತಂದೆಯವರೂ ಬಂದಿದ್ದರು. ಚಿತ್ರ ಮುಗಿದ ಮೇಲೆ ಅವರು ಹೆಚ್ಚೇನೂ ಆಡಲಿಲ್ಲ. “ನಾ ದಿನಾ ಹಿಂಗ ಕೂಗತೀನೇನು?” ಎಂದು ಮಗನನ್ನು ಕೇಳಿದರಂತೆ. ಆ ದಿನದಿಂದ ಓಣಿಯ ತಿರುವಿನಲ್ಲಿಯೇ ಮಗನ ಹೆಸರು ಹಿಡಿದು ಕರೆಯುತ್ತ ಬರುವರೆಂದು ಗೆಳೆಯನು ಹೇಳುವನು.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಪ್ರತಿದಿನ ತಪ್ಪದೆ ಕೇಳಿಬರುವ ಒಂದು ಶಬ್ದವನ್ನು ಹೆಸರಿಸಿ. ಒಂದು ದಿನ ಅದು ಕೇಳಿಸದಿದ್ದರೆ ಏನೆನಿಸುವುದೆಂದು ಐದು ವಾಕ್ಯಗಳಲ್ಲಿ ಬರೆಯಿರಿ.
2. ‘ಅವನು ಹೆದರಿದನು’ ಎಂಬ ವಾಕ್ಯವನ್ನು, ಆ ಶಬ್ದವನ್ನು ಬಳಸದೆ, ಮೂರು ಶಾಟುಗಳಾಗಿ ವಿಂಗಡಿಸಿರಿ.
3. ನೀವು ಈಚೆಗೆ ನೋಡಿದ ಚಿತ್ರವೊಂದರ ಆರಂಭದಲ್ಲಿ ಯಾರ ಮೇಲೆ ಸಂಶಯ ಹುಟ್ಟುವಂತೆ ಮಾಡಲಾಗಿತ್ತು? ಆ ವ್ಯಕ್ತಿಯ ಉಡುಪು, ಭಾಷೆ, ಕೆಲಸಗಳನ್ನು ಗಮನಿಸಿ, ನಿಮ್ಮ ತಂದೆತಾಯಿಗಳೊಡನೆ ಚರ್ಚಿಸಿರಿ.