ದೂರವೂ ಹೊತ್ತೂ

ಬೆಂಗಳೂರಿನಿಂದ ಚೆನ್ನೈ ಎಷ್ಟು ದೂರ? ಬಸ್ಸಿನಲ್ಲಿ ಹೋಗಿಬಂದವರು ಸುಮಾರು 350 ಕಿಲೋಮೀಟರ್ ಎನ್ನುತ್ತಾರೆ. ರೈಲಿನಲ್ಲಿ ಹೋದವರು 360 ಎಂದಾರು. ಇಬ್ಬರ ಮಾತೂ ಸರಿಯೇ. ರಸ್ತೆಯಾಗಲಿ ರೈಲುಹಳಿಯಾಗಲಿ ಗುಡ್ಡಗಳನ್ನೂ ಕೆರೆಗಳನ್ನೂ ಬಳಸಿ, ನಡುವಣ ಊರುಗಳನ್ನು ಮುಟ್ಟಿ ಸಾಗಬೇಕು. ಹಕ್ಕಿ ಹಾರುವಂತೆ ನೇರವಾಗಿ ಅಳೆದರೆ ದೊರೆಯುವ ದೂರವೇ ಬೇರೆ. ಅದನ್ನು ತರಗತಿಯ ಭೂಪಟದಿಂದಲೇ ಕಂಡುಕೊಳ್ಳಬಹುದು.

ಈ ಎರಡು ನಗರಗಳೂ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಬೆಂಗಳೂರಿನ ರೇಖಾಂಶ ಸುಮಾರು 77.6 ಡಿಗ್ರಿ, ಚೆನ್ನೈಯದು 80.3, ಅಂತರ 2.7 ಡಿಗ್ರಿ. ರೇಖಾಂಶದ ಒಂದು ಡಿಗ್ರಿಯು ಸಮಭಾಜಕ ವೃತ್ತದ ಮೇಲೆ 111 ಕಿಲೋಮೀಟರುಗಳಷ್ಟಿರುತ್ತದೆ. ಧ್ರುವಗಳತ್ತ ಸಾಗಿದಂತೆ ರೇಖೆಗಳು ಒಂದಕ್ಕೊಂದು ಸಮೀಪಿಸುವುದರಿಂದ, ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 108ಕ್ಕೆ ಇಳಿಯುತ್ತದೆ. ಇವೆರಡನ್ನು ಗುಣಿಸಿದರೆ ಸುಮಾರು 290 ಕಿಲೋಮೀಟರ್ ಬರುತ್ತದೆ. (ಇದೇ ಅಂತರದ ಕಾರಣದಿಂದ ಚೆನ್ನೈಯವರಿಗೆ ಸೂರ್ಯನು ನಮಗಿಂತ ಹತ್ತು ಹನ್ನೊಂದು ನಿಮಿಷ ಮೊದಲೇ ಕಾಣಿಸಿಕೊಳ್ಳುತ್ತಾನೆ.)

ಜೆಟ್ ವಿಮಾನವು ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಹಾರಬಲ್ಲದು. ಹಾಗಾದರೆ ಚೆನ್ನೈಗೆ 22 ನಿಮಿಷ ಸಾಕು! ಆದರೆ ವೇಳಾಪಟ್ಟಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಎಂದಿರುತ್ತದೆ. ನಮ್ಮ ಲೆಕ್ಕ ತಪ್ಪಲ್ಲ. ಅದು ಅಪೂರ್ಣ, ಅಷ್ಟೇ. ವಿಮಾನವು ಮೊದಲು ನೆಲದ ಮೇಲೆ ಉರುಳುತ್ತ ಓಡುಹಾದಿಯನ್ನು ಸೇರಬೇಕು, ಸರದಿಗಾಗಿ ಕಾಯಬೇಕು, ಗಾಳಿಗೆ ಎದುರಾಗಿ ಮೇಲೇರಬೇಕು. ಪಶ್ಚಿಮದ ಗಾಳಿ ಬೀಸುವಾಗ ಪೂರ್ವಕ್ಕೆ ಹೊರಟ ವಿಮಾನವೂ ಪಶ್ಚಿಮಕ್ಕೆ ಮುಖಮಾಡಿಯೇ ಏರಿ, ಬಳಿಕ ತಿರುಗಿಕೊಳ್ಳುತ್ತದೆ. ಪೂರ್ಣ ವೇಗ ದೊರೆತ ಸ್ವಲ್ಪ ಹೊತ್ತಿಗೇ ಇಳಿಯುವ ಸಿದ್ಧತೆ ಆರಂಭವಾಗುತ್ತದೆ. ಪ್ರಯಾಣವು ಕಿರಿದಾದಷ್ಟೂ ಈ ಏರಿಳಿತಗಳ ಪಾಲೇ ಹಿರಿದು.

ಇನ್ನು, ವಿಮಾನವು ಯಾರ ಮನೆಯ ಬಾಗಿಲಿಗೂ ಬರುವುದಿಲ್ಲ. 2008ರ ಮೇ ತಿಂಗಳಿನಲ್ಲಿ ನಾಗರಿಕ ವಿಮಾನ ಸಂಚಾರವು ಎಚ್.ಎ.ಎಲ್. ನಿಲ್ದಾಣದಿಂದ ದೇವನಹಳ್ಳಿಯ ಬಳಿಯ ಹೊಸ ನಿಲ್ದಾಣಕ್ಕೆ ಸ್ಥಳಾಂತರಗೊಂಡಿತು. ನಗರದ ನೈಋತ್ಯದ ಅಂಚಿನಲ್ಲಿರುವ ಕೆಂಗೇರಿಗೂ ಉತ್ತರದಲ್ಲಿರುವ ಈ ನಿಲ್ದಾಣಕ್ಕೂ ನಡುವೆ ಇಡೀ ಬೆಂಗಳೂರೇ ಹರಡಿದೆ. ಸುಮಾರು 50 ಕಿಲೋಮೀಟರುಗಳ ಈ ಹಾದಿಗೆ ದಟ್ಟಣೆಯ ವೇಳೆಯಲ್ಲಿ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ಸಾಮಾನ್ಯ ಪ್ರಯಾಣಿಕನು ಮನೆಯಿಂದ ಮುಂಚಿತವಾಗಿ ಹೊರಟು ಈ ತೊಡಕನ್ನು ನಿವಾರಿಸಿಕೊಳ್ಳಬಹುದು. ಹಾಗೆ ಮುಂಚಿತವಾಗಿ ಹೊರಡಲಾಗದ ಪ್ರಯಾಣವೊಂದು 2014ರ ಸೆಪ್ಟೆಂಬರಿನಲ್ಲಿ ನಡೆಯಿತು. ಕೆಂಗೇರಿಯ ಬಿ.ಜಿ.ಎಸ್. ಗ್ಲೋಬಲ್ ಆಸ್ಪತ್ರೆಯಲ್ಲಿ ಮಿದುಳು ಸ್ತಬ್ಧಗೊಂಡಿದ್ದ ಮಹಿಳೆಯೊಬ್ಬರ ಹೃದಯವನ್ನು ದಾನಮಾಡಲು ಆಕೆಯ ಬಂಧುಗಳು ಒಪ್ಪಿದ್ದರು. ಅದನ್ನು ಪಡೆಯಬೇಕಾಗಿದ್ದ ರೋಗಿಯು ಚೆನ್ನೈಯ ಫೋರ್ಟಿಸ್ ಮಲರ್ ಆಸ್ಪತ್ರೆಯಲ್ಲಿದ್ದರು. ದೇಹದಿಂದ ಹೊರತೆಗೆದ ಹೃದಯವನ್ನು ಎಷ್ಟೇ ತಂಪಾಗಿಟ್ಟರೂ ಸಾಮಾನ್ಯವಾಗಿ ನಾಲ್ಕು ಗಂಟೆಗಳೊಳಗೆ ಮತ್ತೊಂದು ದೇಹಕ್ಕೆ ಜೋಡಿಸಬೇಕು. ಹೊಲಿಗೆಯ ಕಾಲವೂ ಆ ನಾಲ್ಕು ಗಂಟೆಗಳಲ್ಲಿಯೇ ಸೇರಿದೆ.

ವಿಮಾನವನ್ನು ಇನ್ನಷ್ಟು ವೇಗವಾಗಿ ಹಾರಿಸಿ ಉಳಿಸಬಹುದಾದುದು ಕೆಲವೇ ನಿಮಿಷ. ಕಾಲವನ್ನು ಉಳಿಸಬೇಕಾದುದು ನೆಲದ ಮೇಲೆ. ಆದುದರಿಂದ ಪೊಲೀಸರು ಕೆಂಗೇರಿಯಿಂದ ನಿಲ್ದಾಣದವರೆಗೆ ವಾಹನಗಳನ್ನು ಅಲ್ಲಲ್ಲಿ ತಡೆದು, ಆಂಬುಲೆನ್ಸ್ ಎಲ್ಲಿಯೂ ನಿಲ್ಲದಂತೆ ದಾರಿ ಬಿಡಿಸಿದರು. ಜನರು ‘ಝೀರೋ ಟ್ರಾಫಿಕ್’ ಎಂದು ಕರೆಯುವ ವ್ಯವಸ್ಥೆಯಿದು. ಆಂಬುಲೆನ್ಸ್ ಒಂದು ಗಂಟೆಗೂ ಕಡಿಮೆ ಅವಧಿಯಲ್ಲಿ ನಿಲ್ದಾಣವನ್ನು ತಲುಪಿತು. ಚೆನ್ನೈಯ ಪೊಲೀಸರೂ ಮೀನಂಬಾಕ್ಕಮ್ ನಿಲ್ದಾಣದಿಂದ ಅಡ್ಯಾರಿನ ಆಸ್ಪತ್ರೆಯವರೆಗೆ ಹಾಗೆಯೇ ಹಾದಿ ತೆರೆದಿಟ್ಟಿದ್ದರು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು, ಕೆಂಗೇರಿಯಿಂದ ಹೊರಟ ಹೃದಯವು ಚೆನ್ನೈಯಲ್ಲಿ ಮತ್ತೆ ಮಿಡಿಯತೊಡಗಿತು.