ಮರದ ಗುಣ ಮತ್ತು ಕೆತ್ತನೆಯ ಶೈಲಿ: ಗುಡಿಗಾರ, ಕಿನ್ನಾಳ ಪರಂಪರೆಗಳು

ಮರಗೆತ್ತನೆಯ ಶೈಲಿಗಳನ್ನು ಊರು ಇಲ್ಲವೆ ಸಮುದಾಯದ ಹೆಸರಿನಿಂದ ವರ್ಗೀಕರಿಸುವುದು ಕರಕುಶಲ ಕಲೆಗಳ ಅಧ್ಯಯನದಲ್ಲಿ ರೂಢಿ. ಈ ಕ್ರಮದಲ್ಲಿ ಮರದ ಪಾತ್ರ ಮರೆಯಾಗುತ್ತದೆ. ಕರ್ನಾಟಕದ ಎರಡು ಪರಂಪರೆಗಳ ಹೋಲಿಕೆ ಇದನ್ನು ಸ್ಪಷ್ಟಪಡಿಸುತ್ತದೆ.

ಸಾಗರ, ಸೊರಬ, ಶಿರಸಿ, ಕುಮಟಾ ಭಾಗದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಶ್ರೀಗಂಧದ ಚೇಗು ಒತ್ತಾದ, ನವಿರಾದ ಎಳೆಯುಳ್ಳದ್ದು. ಆದ್ದರಿಂದಲೇ ಬಳ್ಳಿ, ಹೂವು, ಪ್ರಾಣಿಗಳನ್ನು ಅತಿ ಕಿರಿದಾದ ಅಳತೆಯಲ್ಲಿಯೂ ಬಿಡಿಸುವುದು ಸಾಧ್ಯ. ಬಣ್ಣದ ಅಗತ್ಯ ಬೀಳುವುದಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಬಳಕೆಯಾಗುವುದು ಹಗುರವಾದ ಮೃದು ಮರ. ಅಲ್ಲಿನ ಚಿತ್ರಗಾರರು ಆಕಾರವನ್ನು ಮರದಲ್ಲಿ ಕೆತ್ತಿ, ಆಭರಣ ಮೊದಲಾದ ಸೂಕ್ಷ್ಮಗಳನ್ನು ಕಲ್ಲಿನ ಪುಡಿಯನ್ನು ಅಂಟಿನೊಡನೆ ಕಲಸಿದ ಲೇಪದಿಂದ ಉಬ್ಬಿಸಿ ಬಣ್ಣ ತುಂಬುತ್ತಾರೆ. ಒಂದೆಡೆ ಅಲಂಕರಣವು ಉಳಿಯ ಕೆಲಸ, ಇನ್ನೊಂದೆಡೆ ಕುಂಚದ ಕೆಲಸ. ಈ ಭೇದ ಕೇವಲ ಸಮುದಾಯದ್ದಲ್ಲ. ಇದೇ ಗುಡಿಗಾರರು ಮದುವೆಯ ಬಾಸಿಂಗಕ್ಕೆ ಬೆಂಡನ್ನು ಕತ್ತರಿಸಿ ಜೋಡಿಸುತ್ತಾರೆ. ವಸ್ತು ಬದಲಾದರೆ ವಿಧಾನವೂ ಬದಲಾಗುತ್ತದೆ.

ಶ್ರೀಗಂಧದ ಒಡೆತನ ದೀರ್ಘಕಾಲ ಪ್ರಭುತ್ವದಲ್ಲೇ ಇತ್ತು. ಕರ್ನಾಟಕ ಅರಣ್ಯ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿ ಭೂಮಾಲೀಕನಿಗೆ ಮರದ ಒಡೆತನ ನೀಡಿತು. ಆದರೆ ಚೇಗು ಬಲಿಯಲು ದಶಕಗಳೇ ಬೇಕು. ಗಂಧ ದುರ್ಲಭವಾದಂತೆ ಗುಡಿಗಾರರು ಶಿವನೆಯಂತಹ ಮರಗಳನ್ನು ಆಶ್ರಯಿಸಿದ್ದಾರೆ. ಎಳೆ ಬೇರೆಯಾದ ಮರದಲ್ಲಿ ಗಂಧದ ಸೂಕ್ಷ್ಮತೆಯನ್ನು ಅದೇ ಅಳತೆಯಲ್ಲಿ ಉಳಿಸಿಕೊಳ್ಳುವುದು ಕಷ್ಟ. ಕೈಚಳಕ ವಂಶದಲ್ಲಿ ಉಳಿದ ಮಾತ್ರಕ್ಕೆ ಶೈಲಿ ಉಳಿಯುವುದೆಂಬ ಖಾತರಿಯಿಲ್ಲ. ಆದುದರಿಂದ ಗುಡಿಗಾರ ಕಲೆಯ ಚರಿತ್ರೆಯನ್ನು ಅರಣ್ಯ ಕಾಯಿದೆಯ ಚರಿತ್ರೆಯಿಂದ ಬೇರ್ಪಡಿಸಿ ಬರೆಯಲಾಗದು.